ಮಳೆಗಾಲಕ್ಕೆ ತುಂಬಿಸಿಟ್ಟ ಕಣ್ಣಿನ ಮದ್ದು

ನನ್ನ ಬಲಗಣ್ಣಿಗೆ ಕೇಡಾದದ್ದು ಆಪರೇಶನ್ನಿನಿಂದಲ್ಲ. ಆಪರೇಶನ್ ಚೆನ್ನಾಗಿಯೇ ಆಗಿತ್ತು. ಕೇಡಾದದ್ದು ಆಮೇಲೆ ಹಾಕಿಕೊಂಡ ಮದ್ದಿನಿಂದ. ಅದನ್ನು ಒಂದು ಹೊತ್ತೂ ತಪ್ಪಿಸದೆ, ಒಂದು ಹನಿಯೂ ಕೆನ್ನೆಗೆ ಇಳಿಯದಂತೆ ಹಾಕಿಕೊಂಡದ್ದರಿಂದ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಪೊರೆ ತೆಗೆಸಲು ಹೊರಟವರು ಇದನ್ನು ಓದಿ ಆಪರೇಶನ್ನಿಗೇ ಹೆದರಿ ಕೂರಬಾರದು.

ತೊಂಬತ್ತರ ದಶಕದ ಕೊನೆಯ ಮಾತು. ನಾನಾಗ ಹೆತ್ತೂರಿನಲ್ಲಿ ಒಂದು ದಿನಪತ್ರಿಕೆಯ ಏಜೆಂಟ್, ಅದರದೇ ಅರೆಕಾಲಿಕ ವರದಿಗಾರ. ಬೆಳಗಿನ ಬಸ್ಸಿನಲ್ಲಿ ಬಂದ ಪೇಪರ್ ಕಟ್ಟು ಬಿಚ್ಚಿ ಹಂಚುವುದು, ಸಂಜೆಯ ಬಸ್ಸಿನ ಡ್ರೈವರ್ ಕೈಗೆ ಸುದ್ದಿಯ ಕವರ್ ಕೊಡುವುದು, ಇದು ಕೆಲಸ. ವಯಸ್ಸು ಐವತ್ತೇಳು. ಎಡಗಣ್ಣು ಹತ್ತನೇ ವಯಸ್ಸಿಗೇ ಹೋಗಿತ್ತು. ಕಾಫಿ ಹಣ್ಣು ಕೀಳಲು ಅಪ್ಪ ಬಗ್ಗಿಸಿ ಹಿಡಿದಿದ್ದ ಗಿಡದ ರೆಂಬೆ ಕೈತಪ್ಪಿ ಸಿಡಿದು ಬಡಿದದ್ದು. ಅದರಲ್ಲಿ ಬೆಳಕು, ಕತ್ತಲೆ ಎರಡೇ ಗೊತ್ತಾಗುತ್ತವೆ. ಹಾಗಾಗಿ ನನಗಿದ್ದದ್ದು ಬಲಗಣ್ಣು ಒಂದೇ. ಅದಕ್ಕೆ ಪೊರೆ ಬಂತು.

ಮೇ ತಿಂಗಳ ಮಧ್ಯದಲ್ಲಿ ಹಾಸನದ ಒಂದು ನರ್ಸಿಂಗ್ ಹೋಮಿನಲ್ಲಿ ಪೊರೆ ತೆಗೆದು ಲೆನ್ಸ್ ಕೂರಿಸಿದರು. ಮರುದಿನ ಪಟ್ಟಿ ಬಿಚ್ಚಿದಾಗ ಕಿಟಕಿಯ ಹೊರಗೆ ಒಣಗಲು ಹಾಕಿದ್ದ ಬಿಳಿ ಬಟ್ಟೆಗಳು ಕಂಡವು. ಅವು ಬಿಳಿ ಎಂದು ಗೊತ್ತಾದದ್ದೇ ದೊಡ್ಡದು. ಎರಡು ವರ್ಷದಿಂದ ನನಗೆ ಎಲ್ಲ ಬಟ್ಟೆಯೂ ಕಾಫಿ ಸೋಸಿದ ಬಟ್ಟೆಯ ಬಣ್ಣದಲ್ಲಿ ಕಾಣುತ್ತಿತ್ತು.

ಒಂದು ವಾರ ಕಳೆದು ತೋರಿಸಲು ಹೋದಾಗ ಡಾಕ್ಟರಮ್ಮ ಎರಡು ಬಾಟಲಿಗಳಲ್ಲಿ ಒಂದನ್ನು ನಿಲ್ಲಿಸಿದರು. ಇನ್ನೊಂದನ್ನು ಮುಂದುವರಿಸಲು ಹೇಳಿದರು. ಅದು ಹಾಲಿನಂತೆ ಬೆಳ್ಳಗಿನ ಮದ್ದು, ಕಣ್ಣಿನೊಳಗಿನ ಊತ ಇಳಿಸುವುದು.

“ಚೆನ್ನಾಗಿ ಕುಲುಕಿ ಹಾಕಬೇಕು. ದಿನಕ್ಕೆ ನಾಲ್ಕು ಸಲ. ಎರಡು ವಾರ ಬಿಟ್ಟು ಬನ್ನಿ, ನೋಡಿ ಕಡಿಮೆ ಮಾಡ್ತಾ ಬರ್ತೀನಿ. ನೀವಾಗಿ ನೀವೇ ನಿಲ್ಲಿಸಬೇಡಿ” ಎಂದರು.

ಚೀಟಿಯಲ್ಲೂ ಅದನ್ನೇ ಬರೆದಿದ್ದರು. ಇಡೀ ಮಾತಿನಲ್ಲಿ ನನ್ನ ತಲೆಗೆ ಇಳಿದದ್ದು ಕೊನೆಯದು ಮಾತ್ರ: ನಿಲ್ಲಿಸಬೇಡಿ.

ಊರಿಗೆ ಮರಳುವಾಗ ಸಕಲೇಶಪುರದಲ್ಲಿ ಬಸ್ ಬದಲಾಯಿಸುವ ಮೊದಲು ಔಷಧಿ ಅಂಗಡಿಗೆ ಹೋದೆ. ಅಂಗಡಿಯವನು ಗುರುತಿನವನು. ಚೀಟಿ ನೋಡಿದ, ಹೊರಗಿನ ಮೋಡ ನೋಡಿದ.

“ಪೇಪರಣ್ಣ, ಹೆತ್ತೂರಿಗ್ ಹೋಗೋರು ನೀವು. ಇನ್ನೊಂದ್ ಹದಿನೈದ್ ದಿನಕ್ಕೆ ಮಳೆ ಹಿಡ್ಕಂತದೆ. ಒಂದ್ ಬಾಟ್ಲಿ ತಗಂಡ್ ಹೋಗಿ ಏನ್ ಮಾಡ್ತೀರ? ಉಪ್ಪು, ಬೆಂಕಿಪಟ್ನ ತುಂಬಿಸ್ತೀರಲ್ಲ, ಹಂಗೇ ಇದ್ನೂ ತುಂಬಿಸ್ಕಳಿ.”

ನನ್ನ ಜೊತೆಗಿದ್ದ ಹೆಂಡತಿ ಗಿರಿಜೆಗೆ ಈ ಮಾತು ಹಿಡಿಸಿತು. ನಮ್ಮ ಕಡೆ ಮೃಗಶಿರ ಮಳೆಗೆ ಮೊದಲು ಮೂರು ತಿಂಗಳ ಸಾಮಾನು ಮನೆ ಸೇರಬೇಕು. ಅಕ್ಕಿ, ಉಪ್ಪು, ಸೀಮೆಎಣ್ಣೆ, ಜ್ವರದ ಮಾತ್ರೆ, ಗಾಯದ ಮುಲಾಮು. ಮಳೆಯಲ್ಲಿ ಪಕ್ಕದ ಮನೆಗೆ ಬೆಂಕಿಪೊಟ್ಟಣ ಕೇಳಲು ಹೋದ ಹೆಂಗಸನ್ನು ಮುಂದಿನ ಮಳೆಗಾಲದವರೆಗೂ ಆಡಿಕೊಳ್ಳುತ್ತಾರೆ. ಗಿರಿಜೆ ನಾಲ್ಕು ಬಾಟಲಿ ಕೊಂಡಳು. ಮನೆಗೆ ಬಂದು ಬಿಸ್ಕತ್ ಡಬ್ಬಿಯಲ್ಲಿ, ಮೇಣದ ಬತ್ತಿಯ ಪಕ್ಕದಲ್ಲಿ ಜೋಡಿಸಿದಳು.

ಮದ್ದು ಹಾಕುವುದರಲ್ಲಿ ಅವಳನ್ನು ಯಾವ ನರ್ಸೂ ಮೀರಿಸಲಾರಳು. ರೇಡಿಯೋದ ಬೆಳಗಿನ ವಾರ್ತೆಗೆ ಒಂದು ಹನಿ, ಮಧ್ಯಾಹ್ನದ ವಾರ್ತೆಗೆ ಒಂದು, ಸಂಜೆಯದಕ್ಕೆ ಒಂದು, ಮಲಗುವ ಮೊದಲು ಒಂದು. ಸೋಪು ಹಾಕಿ ಕೈ ತೊಳೆಯುವಳು. ಬಾಟಲಿ ಕುಲುಕುವಳು. ನನ್ನ ತಲೆ ಹಿಂದಕ್ಕೆ ವಾಲಿಸಿ, ಕೆಳರೆಪ್ಪೆ ಎಳೆದು, ಬಾಟಲಿಯ ಮೂತಿ ರೆಪ್ಪೆಗೂದಲಿಗೆ ತಾಗದಂತೆ ಒಂದೇ ಹನಿ ಬಿಡುವಳು. ಆಮೇಲೆ ಮೂಗಿನ ಪಕ್ಕ ಕಣ್ಣಿನ ಮೂಲೆಯನ್ನು ಬೆರಳಿನಿಂದ ಒತ್ತಿ ಹಿಡಿದು, ರೇಡಿಯೋದವರು ಮುಖ್ಯಾಂಶ ಓದಿ ಮುಗಿಸುವವರೆಗೆ ಬಿಡುತ್ತಿರಲಿಲ್ಲ.

“ಕಣ್ ಬಿಡ್ಬ್ಯಾಡ್ರಿ ಅಂದ್ರೆ ಬಿಡ್ತೀರಲ್ಲ. ಮಕ್ಕಳಿಗಿಂತ ಕಡೆ ನೀವು” ಎಂದು ದಿನಕ್ಕೆ ನಾಲ್ಕು ಸಲ ಬೈಸಿಕೊಳ್ಳುತ್ತಿದ್ದೆ.

ನನಗೂ ಒಂದು ಕ್ರಮವಿತ್ತು. ಪತ್ರಿಕೆಯ ಕೊನೆಯ ಪುಟದ ತಳದಲ್ಲಿ ಮುದ್ರಕರು, ಪ್ರಕಾಶಕರು ಯಾರು ಎಂಬ ಒಂದು ಸಾಲು ಇರುತ್ತದೆ. ಇಡೀ ಪತ್ರಿಕೆಯಲ್ಲಿ ಅದಕ್ಕಿಂತ ಸಣ್ಣ ಅಕ್ಷರ ಇಲ್ಲ, ಅದನ್ನು ಯಾರೂ ಓದುವುದೂ ಇಲ್ಲ. ಆಪರೇಶನ್ ಆದ ಹತ್ತನೇ ದಿನದಿಂದ ಹಳೆಯ ಕನ್ನಡಕ ಏರಿಸಿ ದಿನಾ ಬೆಳಿಗ್ಗೆ ಆ ಸಾಲು ಓದುತ್ತಿದ್ದೆ. ಓದಲು ಬಂತು ಎಂದರೆ ಆ ದಿನಕ್ಕೆ ಕಣ್ಣು ನನ್ನದು. ಟಿಪ್ಪಣಿ ಪುಸ್ತಕದಲ್ಲಿ ತಾರೀಖಿನ ಎದುರು ‘ಸಾಲು ಸರಿ’ ಎಂದು ಬರೆಯುತ್ತಿದ್ದೆ.

ತೋರಿಸಲು ಹೋಗಬೇಕಾದ ದಿನದ ಹಿಂದಿನ ದಿನ ರಸ್ತೆಯ ಮೇಲೆ ಧರೆ ಕುಸಿಯಿತು. ಹೆತ್ತೂರಿಗೆ ಬಸ್ ಬಂದ್ ಆದ ಸುದ್ದಿಯನ್ನು ನಾನೇ ಬರೆದೆ. ಕಳುಹಿಸಲು ಬಸ್ಸೇ ಇರಲಿಲ್ಲ. ಅಂಚೆ ಕಚೇರಿಯ ಫೋನೂ ಸತ್ತಿತ್ತು. ಐದು ದಿನದ ಮೇಲೆ ರಸ್ತೆ ತೆರೆಯಿತು. ಆಗ ಹೋಗಬಹುದಿತ್ತು. ಹೋಗಲಿಲ್ಲ. ಕಣ್ಣು ಕೆಂಪಿರಲಿಲ್ಲ, ನೋವಿರಲಿಲ್ಲ, ಸಾಲು ಸರಿಯಿತ್ತು, ಮದ್ದು ಡಬ್ಬಿಯಲ್ಲಿತ್ತು. ಇನ್ನೊಂದು ಕಾರಣವನ್ನೂ ದಾಖಲಿಸಬೇಕು. ಹೋದರೆ ಡಾಕ್ಟರಮ್ಮ ಏನಾದರೂ ಕಂಡುಹಿಡಿದಾರು ಎಂಬ ಭಯವಿತ್ತು. ಒಂದೇ ಕಣ್ಣಿನವನು ಅದನ್ನು ಪದೇ ಪದೇ ಪರೀಕ್ಷೆಗೆ ಒಡ್ಡಲು ಇಷ್ಟಪಡುವುದಿಲ್ಲ.

ಮೊದಲ ಬಾಟಲಿ ಮುಗಿಯಿತು. ಎರಡನೆಯದು ಮುಗಿಯಿತು. ಗಿರಿಜೆ ಮೂರನೆಯದನ್ನು ಒಡೆದಳು.

ಜುಲೈ ತಿಂಗಳು, ಪುನರ್ವಸು ಮಳೆಯ ಒಂದು ಸಂಜೆ ಕವರ್ ಕೊಡಲು ಬಸ್ ಸ್ಟಾಂಡಿನಲ್ಲಿ ನಿಂತಿದ್ದೆ. ತಿರುವಿನಲ್ಲಿ ಬಸ್ಸಿನ ದೀಪ ಕಾಣಿಸಿತು. ಎರಡೂ ದೀಪಗಳ ಸುತ್ತ ಬಣ್ಣದ ಉಂಗುರ. ಹೊರಗೆ ಕೆಂಪು, ಒಳಗೆ ನೀಲಿ. ಮಂಜಿನದಿರಬೇಕು ಅಂದುಕೊಂಡೆ. ಡ್ರೈವರನನ್ನು ಕೇಳಿದೆ.

“ದೀಪದ ಸುತ್ತ ಏನಾದ್ರೂ ಕಾಣ್ತದಾ ಮಾರಾಯ?”

“ಹುಳ ಕಾಣ್ತವೆ. ಕವರ್ ಕೊಡಿ ಬೇಗ, ಹೊತ್ತಾಯ್ತು” ಎಂದ.

ಮನೆಗೆ ಬಂದೆ. ನಡುಮನೆಯಲ್ಲಿ ಮಂಜು ಇರಲಿಲ್ಲ. ಬಲ್ಬಿನ ಸುತ್ತಲೂ ಉಂಗುರವಿತ್ತು. ಪುಸ್ತಕದಲ್ಲಿ ಬರೆದೆ: ‘ಉಂಗುರ. ಬಲ್ಬಿಗೂ.’ ಗಿರಿಜೆಗೆ ಹೇಳಲಿಲ್ಲ. ಅವಳು ಬಂದು ಎಂದಿನಂತೆ ಹನಿ ಹಾಕಿದಳು.

ಮುಂದಿನ ಹತ್ತು ದಿನದ ಟಿಪ್ಪಣಿ ಈಗಲೂ ನನ್ನ ಬಳಿ ಇದೆ. ‘ಹುಬ್ಬಿನ ಮೇಲೆ ಭಾರ.’ ‘ಬೆಳಿಗ್ಗೆ ಮಸುಕು, ಹತ್ತು ಗಂಟೆಗೆ ಬಿಟ್ಟಿತು.’ ‘ಸಾಲು ಸರಿ.’ ‘ಸಾಲು ಸರಿ, ಆದರೆ ಬೂದು.’ ‘ಬಾಗಿಲ ದಾರಂದ ಹಣೆಗೆ ಹೊಡೆಯಿತು, ಕಂಡಿರಲಿಲ್ಲ.’ ಇದನ್ನೆಲ್ಲ ಬೇರೆ ಯಾರಾದರೂ ಬಂದು ಹೇಳಿದ್ದರೆ, ಈಗಲೇ ಬಸ್ ಹತ್ತು ಎನ್ನುತ್ತಿದ್ದೆ. ನನಗೆ ನಾನು ಹೇಳಿಕೊಳ್ಳಲಿಲ್ಲ. ಭಯ ಕೂಗಾಡುತ್ತದೆ ಎಂದು ತಿಳಿದಿದ್ದೆ. ನನ್ನಲ್ಲಿ ಅದು ಬಾಯಿ ಮುಚ್ಚಿಸಿ ಕೂರಿಸಿತು. ಬೆಳಿಗ್ಗೆ ಎದ್ದು ಕಣ್ಣು ತೆರೆಯುವ ಮೊದಲು ಸ್ವಲ್ಪ ಹೊತ್ತು ಹಾಗೇ ಮಲಗಿರುತ್ತಿದ್ದೆ. ತೆರೆದರೆ ಏನಿರುತ್ತದೋ ಎಂದು.

ಹನ್ನೊಂದನೇ ದಿನ ಸಾಲು ಓದಲಾಗಲಿಲ್ಲ. ಅಕ್ಷರಗಳಿದ್ದ ಜಾಗದಲ್ಲಿ ಇರುವೆ ಸಾಲು ಹೋದಂತಿತ್ತು. ಪುಟವನ್ನು ಕಿಟಕಿಯ ಬಳಿಗೆ ಒಯ್ದೆ, ಬಾಗಿಲಿಗೆ ಒಯ್ದೆ. ಗಿರಿಜೆ ನೋಡಿದಳು.

“ಏನ್ರೀ ಅದು, ಪೇಪರ್ ಹಿಡ್ಕಂಡು ಮನೆಯೆಲ್ಲ ಸುತ್ತತಾ ಇದೀರ?”

“ಕಾಣ್ತಿಲ್ಲ ಕಣೆ” ಎಂದೆ.

“ಯಾವತ್ತಿಂದ?” ಎಂದು ಕೇಳಿದಳು. ನಾನು ಪುಸ್ತಕವನ್ನು ಕೊಟ್ಟೆ. ಓದಿದಳು. ಒಳಗೆ ಹೋಗಿ ಸೀರೆ ಬದಲಾಯಿಸಿ, ಬಿಸ್ಕತ್ ಡಬ್ಬಿಯನ್ನೇ ಚೀಲಕ್ಕೆ ಹಾಕಿಕೊಂಡು ಬಂದಳು.

ನರ್ಸಿಂಗ್ ಹೋಮಿನಲ್ಲಿ ಒಂದು ಗಂಟೆ ಕಾಯಬೇಕಿತ್ತು. ಬೆಂಚಿನ ಮೇಲೆ ನಮ್ಮ ಪಕ್ಕದಲ್ಲಿ ಆಲೂರು ಕಡೆಯ ಒಬ್ಬ ಅಜ್ಜಿ, ಹಸಿರು ಪಟ್ಟಿಯ ಕಣ್ಣು, ಮಡಿಲಲ್ಲಿ ಎಲೆ ಅಡಿಕೆ ಚೀಲ. ಅವಳಿಗೆ ಹಿಂದಿನ ವಾರ ಆಪರೇಶನ್ ಆಗಿತ್ತಂತೆ.

“ನಂಗೂ ಅದೇ ಬಿಳೇ ಮದ್ದು ಕಣಪ್ಪ” ಎಂದಳು, ಗಿರಿಜೆಯ ಕೈಯಲ್ಲಿದ್ದ ಬಾಟಲಿ ನೋಡಿ. “ಬಲೇ ಪಸಂದಾಗೈತೆ. ನಮ್ ಸೊಸೆಗೆ ಕಣ್ ಕೆಂಪಾಗಿತ್ತು, ಅವ್ಳಿಗೂ ಎರಡ್ ತೊಟ್ಟು ಬುಟ್ಟೆ. ಬೆಳಿಗ್ಗೆಗೆ ಕೆಂಪೆಲ್ಲ ಹೋಗ್ಬುಟ್ಟಿತ್ತು.”

“ಸೊಸೆ ಮ್ಯಾಲೆ ಅಷ್ಟ್ ಪ್ರೀತಿನಾ ಅಜ್ಜಿ?” ಎಂದಳು ಗಿರಿಜೆ.

“ಪ್ರೀತಿ ಎಲ್ಲಿಂದ ಬಂತು ತಾಯಿ. ಅವ್ಳ ಕಣ್ ಹೋದ್ರೆ ನಂಗೆ ಮುದ್ದೆ ತಿರುವೋರ್ಯಾರು?”

ಸುತ್ತಲಿನವರು ನಕ್ಕರು. ಗಿರಿಜೆಯೂ ನಕ್ಕಳು. ನನಗೆ ಅಜ್ಜಿಯ ಮುಖ ಕಾಣುತ್ತಿತ್ತು, ಅವಳ ಪಕ್ಕ ಕೂತು ನಕ್ಕವರು ಕಾಣುತ್ತಿರಲಿಲ್ಲ. ಅದು ಗೊತ್ತಾದದ್ದು ಆಗಲೇ. ತಲೆ ತಿರುಗಿಸಿದೆ, ಕಂಡರು. ನೇರ ನೋಡಿದೆ, ಇಲ್ಲವಾದರು. ಮೂರು ಸಲ ಹಾಗೆ ಮಾಡಿ ನೋಡಿದೆ.

ಒಳಗೆ ಡಾಕ್ಟರಮ್ಮ ಹಳದಿ ಬಣ್ಣದ ಹನಿ ಹಾಕಿ, ಗಲ್ಲ ಊರಿ ಕೂರಿಸಿ, ನೀಲಿ ಬೆಳಕನ್ನು ಕಣ್ಣಿಗೆ ತಾಗುವಷ್ಟು ಹತ್ತಿರ ತಂದರು. ಒಮ್ಮೆ ನೋಡಿದರು. ಮತ್ತೊಮ್ಮೆ ನೋಡಿದರು. ವರದಿಗಾರನಿಗೆ ಒಂದು ಪಾಠ ಗೊತ್ತಿರುತ್ತದೆ, ಅಧಿಕಾರಿ ಅದೇ ಕಾಗದವನ್ನು ಎರಡನೇ ಸಲ ಓದಿದರೆ ಸುದ್ದಿ ಕೆಟ್ಟದು.

“ಬಿಳಿ ಮದ್ದು ಯಾವಾಗ ನಿಲ್ಲಿಸಿದ್ರಿ?”

“ನಿಲ್ಸಿಲ್ಲ” ಎಂದೆ. “ನಿಲ್ಲಿಸಬೇಡಿ ಅಂದಿದ್ರಲ್ಲ.”

“ಆಪರೇಶನ್ ಆಗಿ ಹತ್ತು ವಾರ ಆಯ್ತು.”

ಗಿರಿಜೆ ಮುಂದೆ ಬಂದಳು. ಅವಳ ದನಿಯಲ್ಲಿ ಹೆಮ್ಮೆಯಿತ್ತು, ಅದನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ. “ಒಂದ್ ಹೊತ್ತೂ ತಪ್ಸಿಲ್ಲ ಡಾಕ್ಟ್ರೆ. ದಿನಕ್ಕೆ ನಾಲ್ಕು. ನಾನೇ ಹಾಕ್ತಾ ಇದೀನಿ. ಮಳೆಗಾಲಕ್ಕೆ ಅಂತ ತುಂಬಿಸ್ಕಂಡಿದ್ವು. ಇನ್ನೂ ಒಂದೈತೆ ನೋಡಿ.” ಚೀಲದಿಂದ ಡಬ್ಬಿ ತೆಗೆದು, ಸೀಲು ಒಡೆಯದ ನಾಲ್ಕನೇ ಬಾಟಲಿಯನ್ನು ಮೇಜಿನ ಮೇಲಿಟ್ಟಳು.

ಡಾಕ್ಟರಮ್ಮ ಬಾಟಲಿಯನ್ನು ತಮ್ಮ ಕಡೆಗೆ ಎಳೆದುಕೊಂಡು ಡ್ರಾಯರಿಗೆ ಹಾಕಿದರು. ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು ಎನಿಸಿತು.

“ಇದು ಊತ ಇಳಿಸೋ ಮದ್ದು. ಬೇಕಾದಷ್ಟು ದಿನ ಹಾಕಿದ್ರೆ ಇದಕ್ಕಿಂತ ಒಳ್ಳೇದಿಲ್ಲ. ಬಹಳ ದಿನ ಹಾಕಿದ್ರೆ ಕೆಲವರಿಗೆ ಕಣ್ಣಿನೊಳಗೆ ಒತ್ತಡ ಏರುತ್ತೆ. ಯಾರಿಗೆ ಅಂತ ಮೊದಲೇ ಹೇಳಕ್ಕಾಗಲ್ಲ. ಅದಕ್ಕೇ ಬನ್ನಿ ಅನ್ನೋದು. ಇಪ್ಪತ್ತರ ಒಳಗಿರಬೇಕು, ನಿಮ್ಮದು ನಲವತ್ತು ದಾಟಿದೆ.”

“ನಾನು ದಿನಾ ಪರೀಕ್ಷೆ ಮಾಡ್ತಿದ್ದೆ” ಎಂದು ಸಣ್ಣ ಸಾಲಿನ ಸಂಗತಿ ಹೇಳಿದೆ. ಹೇಳುವಾಗಲೇ ಅದು ಮಕ್ಕಳ ಆಟದಂತೆ ಕೇಳಿಸಿತು.

“ಒತ್ತಡ ಮೊದಲು ನೀವು ನೋಡೋ ಜಾಗ ತಿನ್ನಲ್ಲ. ಅಂಚಿಂದ ತಿಂದ್ಕೊಂಡು ಬರುತ್ತೆ. ನೀವು ನಡುವನ್ನ ಕಾಯ್ತಾ ಕೂತಿದ್ರಿ.”

ಗೋಡೆಗೆ ಒಂದು ಕಪ್ಪು ಬಟ್ಟೆ ಹೊಡೆದಿತ್ತು, ನಡುವೆ ಒಂದು ಬಿಳಿ ಚುಕ್ಕೆ. ಚುಕ್ಕೆಯನ್ನೇ ನೋಡುತ್ತಾ ಕೂರಬೇಕು. ಅವರು ಕಪ್ಪು ಕಡ್ಡಿಯ ತುದಿಯ ಬಿಳಿ ಗುಂಡನ್ನು ಸುತ್ತಲೂ ಸರಿಸುತ್ತಾರೆ. ಕಂಡಾಗ ‘ಹೂಂ’, ಮರೆಯಾದಾಗ ‘ಇಲ್ಲ’. ‘ಹೂಂ. ಹೂಂ. ಇಲ್ಲ.’ ಆಮೇಲೆ ಅವರು ಕಡ್ಡಿ ಸರಿಸುವಾಗಿನ ಸೀರೆಯ ಸದ್ದು ಕೇಳುತ್ತಿತ್ತು, ಗುಂಡು ಇರಲಿಲ್ಲ. ಗುಂಡು ಎಲ್ಲಿದೆ ಎಂದು ಊಹಿಸಿ ‘ಹೂಂ’ ಎಂದುಬಿಡಲೇ ಎನಿಸಿತು. ಐವತ್ತೇಳನೇ ವಯಸ್ಸಿನಲ್ಲಿ ಪರೀಕ್ಷೆಯಲ್ಲಿ ನಕಲು ಮಾಡುವ ಆಸೆ. ಹೇಳಲಿಲ್ಲ. ಕೊನೆಗೆ ಗುಂಡು ಮೂಗಿನ ಕಡೆಯಿಂದ ನಡುವಿನ ಹತ್ತಿರ ಬಂದು ಹುಟ್ಟಿತು.

“ಹೂಂ” ಎಂದೆ.

“ಇದು ವಾಪಸ್ ಬರುತ್ತಾ?” ಎಂದು ಗಿರಿಜೆ ಕೇಳಿದಳು.

“ಹೋಗಿರೋದು ಬರಲ್ಲಮ್ಮ. ಇರೋದನ್ನ ಉಳಿಸ್ಕೋಬೇಕು. ಮದ್ದು ನಿಲ್ಲಿಸಿದ ಮೇಲೆ ಸುಮಾರು ಜನಕ್ಕೆ ಒತ್ತಡ ತಾನಾಗೇ ಇಳಿಯುತ್ತೆ. ಇವರಿಗೆ ಇಳಿಯುತ್ತಾ ನೋಡಬೇಕು. ಇಳೀದಿದ್ರೆ ಇನ್ನೊಂದು ಆಪರೇಶನ್.”

ಬಿಳಿ ಮದ್ದು ಅಂದೇ ನಿಂತಿತು. ಕಣ್ಣಿನೊಳಗೆ ಊತ ಉಳಿದಿಲ್ಲ ಎಂದು ನೋಡಿಯೇ ಅವರು ನಿಲ್ಲಿಸಿದ್ದು. ಒತ್ತಡ ಇಳಿಸಲು ಬೇರೆ ಹನಿ, ಒಂದು ಮಾತ್ರೆ ಕೊಟ್ಟರು. ಮೂರು ದಿನ ಬಿಟ್ಟು ಬರಬೇಕು. ಈ ಸಲ ಚೀಟಿಯ ಮೇಲೆ ಬರುವ ದಿನವನ್ನು ಕೆಂಪು ಶಾಯಿಯಲ್ಲಿ ಬರೆದು, ಗಿರಿಜೆಯ ಕೈಯಲ್ಲಿ ಓದಿಸಿದರು. ನಾವು ಹೊರಗೆ ಬರುವಾಗ ಅಜ್ಜಿ ಒಳಗೆ ಹೋಗುತ್ತಿದ್ದಳು. ಗಿರಿಜೆ ಅವಳ ತೋಳು ಹಿಡಿದು ನಿಲ್ಲಿಸಿದಳು.

“ಅಜ್ಜಿ, ಸೊಸೆಗೆ ಬುಟ್ಟಿದ್ನ ಡಾಕ್ಟ್ರಿಗೆ ಹೇಳು. ಮರೀಬ್ಯಾಡ.”

“ಬೈತಾರೆ ಕಣೆ ತಾಯಿ.”

“ಬೈಸ್ಕ.”

ಬಸ್ಸಿನಲ್ಲಿ ಗಿರಿಜೆ ಸಕಲೇಶಪುರದವರೆಗೆ ಬಿಸ್ಕತ್ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಹೇಮಾವತಿ ಸೇತುವೆ ದಾಟುವಾಗ, “ನನ್ ಕೈಯಾರೆ ಹಾಕ್ದೆ” ಎಂದಳು. ನಾನು ಸಮಾಧಾನ ಹೇಳಲು ಹೊರಟೆ, ನನ್ನದೇ ತಪ್ಪು, ಹೋಗಬೇಕಾದ ದಿನ ಹೋಗದವನು ನಾನು ಎಂದೆ. ಅದು ನಿಜವೂ ಹೌದು. ಅವಳು ತನ್ನ ಬೆರಳುಗಳನ್ನೇ ನೋಡುತ್ತಿದ್ದಳು. ಹತ್ತು ವಾರ ಕಣ್ಣಿನ ಮೂಲೆಯನ್ನು ಒತ್ತಿ ಹಿಡಿದ ಬೆರಳು.

ಆ ಮೂರು ದಿನ ನನ್ನ ಜೀವನದ ಉದ್ದದ ದಿನಗಳು. ಮಾತ್ರೆಯಿಂದ ಬೆರಳ ತುದಿಗಳು ಜುಮುಜುಮು ಎನ್ನುತ್ತಿದ್ದವು. ಮತ್ತೆ ಮತ್ತೆ ಮೂತ್ರಕ್ಕೆ ಓಡಬೇಕು. ಹೊಸ ಹನಿ ಹಾಕುವಾಗ ಗಿರಿಜೆಯ ಗುರಿ ಮೊದಲ ಬಾರಿಗೆ ತಪ್ಪಿತು. ಹನಿ ಕೆನ್ನೆಗೆ ಬಿತ್ತು. ಮತ್ತೊಂದು ಹಾಕಲೇ ಬೇಡವೇ ಎಂದು ಚೀಟಿ ನೋಡಿದಳು, ನನ್ನನ್ನು ನೋಡಿದಳು. ಅಂಚೆ ಕಚೇರಿಗೆ ಹೋಗಿ ನರ್ಸಿಂಗ್ ಹೋಮಿಗೆ ಫೋನ್ ಮಾಡಿ ಕೇಳಿ ಬಂದಳು. ಕಣ್ಣಿಗೆ ಬೀಳದಿದ್ದರೆ ಇನ್ನೊಂದು ಹಾಕಬಹುದು, ಬಿದ್ದದ್ದು ಖಚಿತವಾದರೆ ಬೇಡ ಎಂದರಂತೆ. ನಾನು ಕತ್ತಲೆಗೆ ಅಭ್ಯಾಸ ಮಾಡಿಕೊಳ್ಳತೊಡಗಿದ್ದೆ. ಅವಳು ಅತ್ತ ಹೋದಾಗ ಬಲಗಣ್ಣು ಮುಚ್ಚಿಕೊಂಡು ಅಡುಗೆಮನೆಯಿಂದ ಬಾಗಿಲವರೆಗೆ ಹೆಜ್ಜೆ ಎಣಿಸುತ್ತಿದ್ದೆ. ಹದಿನಾಲ್ಕು. ಪೇಪರ್ ಕಟ್ಟನ್ನು ಮುಟ್ಟಿ ಬಿಚ್ಚಬಹುದು. ಓದಲಾಗದ ಪೇಪರನ್ನು ಹಂಚಲೂಬಹುದು. ಬರೆಯುವುದು ಹೇಗೆ ಎಂಬಲ್ಲಿಗೆ ಬಂದಾಗ ಎಣಿಕೆ ತಪ್ಪುತ್ತಿತ್ತು.

ನಾಲ್ಕನೇ ದಿನದ ಬಸ್ಸಿಗೆ ಹೋದೆವು. ನೀಲಿ ಬೆಳಕು ಹತ್ತಿರ ಬಂತು. ಡಾಕ್ಟರಮ್ಮ ಒಂದೇ ಸಲ ನೋಡಿದರು.

“ಇಪ್ಪತ್ತೆಂಟು. ಇಳೀತಾ ಇದೆ” ಎಂದರು.

ಗಿರಿಜೆ ಬಾಗಿಲ ಹೊರಗೆ ಹೋಗಿ ಬೆಂಚಿನ ಮೇಲೆ ಕುಳಿತು ಅತ್ತಳು. ಮುಂದಿನ ತಿಂಗಳು ಮಾತ್ರೆ ಬಿಡಿಸಿದರು. ಎರಡು ತಿಂಗಳಿಗೆ ಒತ್ತಡ ಹದಿನಾರಕ್ಕೆ ಬಂತು. ಹನಿಯೂ ನಿಂತಿತು. ಆದರೂ ತಿಂಗಳಿಗೊಮ್ಮೆ, ಆಮೇಲೆ ಮೂರು ತಿಂಗಳಿಗೊಮ್ಮೆ ಬರಬೇಕೆಂದರು. ಸಣ್ಣ ಸಾಲು ಮತ್ತೆ ಕಪ್ಪಾಯಿತು. ಮೂಗಿನ ಕಡೆಯ ಮೇಲಿನ ಮೂಲೆ ಮಾತ್ರ ಬರಲಿಲ್ಲ. ಅಲ್ಲಿ ಕತ್ತಲೆ ಇಲ್ಲ, ಬಿಳುಪೂ ಇಲ್ಲ, ಏನೂ ಇಲ್ಲ. ಆ ಬದಿಯಿಂದ ಯಾರಾದರೂ ಬಂದರೆ ಗಾಳಿಯಲ್ಲಿ ಹುಟ್ಟಿದಂತೆ ಎದುರಿಗೆ ನಿಲ್ಲುತ್ತಾರೆ. ನಮ್ಮ ಊರಿನವರಿಗೆ ಇದು ಗೊತ್ತಾಗಿದೆ, ದೂರದಿಂದಲೇ ಕೆಮ್ಮಿ ಬರುತ್ತಾರೆ.

ಮರುವರ್ಷ ಮೇ ತಿಂಗಳು ಗಿರಿಜೆ ಎಂದಿನಂತೆ ಮಳೆಗಾಲದ ಪಟ್ಟಿ ಬರೆಸಲು ಕೂತಳು. ಅವಳು ಹೇಳುತ್ತಾ ಹೋದಳು, ನಾನು ಬರೆಯುತ್ತಾ ಹೋದೆ. ಅಕ್ಕಿ, ಉಪ್ಪು, ಸೀಮೆಎಣ್ಣೆ, ಮೇಣದ ಬತ್ತಿ, ಜ್ವರದ ಮಾತ್ರೆ. ಬಿಸ್ಕತ್ ಡಬ್ಬಿಯ ಮುಚ್ಚಳ ತೆಗೆದು, ಒಳಗೆ ಇನ್ನೂ ಜಾಗವಿರುವುದನ್ನು ನೋಡಿದಳು. ನಾನು ಪೆನ್ನು ಹಿಡಿದು ಕಾದೆ.

“ಕಣ್ಣಿಂದು?” ಎಂದೆ.

“ಅದು ಪಟ್ಟಿಗ್ ಬ್ಯಾಡ” ಎಂದಳು. ಎದ್ದು ಗೋಡೆಯ ಕ್ಯಾಲೆಂಡರಿನಲ್ಲಿ ಜೂನ್ ಹಾಳೆ ಮಗುಚಿ, ಹಾಸನಕ್ಕೆ ಹೋಗುವ ದಿನಕ್ಕೆ ಗುಂಡಗೆ ಗೀಟು ಹಾಕಿದಳು. ಅದರ ಹಿಂದಿನ ಎರಡು ದಿನಗಳಿಗೂ ಹಾಕಿದಳು.

“ಧರೆ ಕುಸಿಯೋಕ್ ಮುಂಚೆ ಹೋಗಿ, ಸಕ್ಲೇಶ್‌ಪುರದಲ್ಲಿ ನಮ್ಮಕ್ಕನ ಮನೇಲಿ ಉಳ್ಕಳಾದು.”